ಸುಪಾರಿ ಕೊಲೆಗಾರನನ್ನು ನೋಡಿ ನಗಬಹುದೇ?

ಸಾವಿನ ಮನೆಯಲ್ಲಿ ನಗಬಾರದು ಅಂತ ನಮ್ಮ ಹಿರಿಯರು ಹೇಳಿಕೊಟ್ಟಿದ್ದಾರೆ. ತಡೆಯಲಾರದಷ್ಟು ನಗು ಬಂದರೂ ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿತ್ತಿಲಿಗೆ ಹೋಗಬೇಕು. ಹಾಗಿರುವಾಗ, ಹಣ ತೆಗೆದುಕೊಂಡು ಗುರುತು ಪರಿಚಯವಿಲ್ಲದವನ ಜೀವ ತೆಗೆಯಲು ಹೊರಟ ಮನುಷ್ಯನೊಬ್ಬನನ್ನು ತೆರೆಯ ಮೇಲೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರೆ ಅದು ಸರಿಯೇ, ತಪ್ಪೇ? ಸೋದರಿಯರೇ, ನೀವೇನು ಹೇಳುತ್ತೀರಿ?

ಪ್ರಶ್ನೆಯನ್ನು ಸುಮ್ಮನೆ ಕೇಳುತ್ತಿಲ್ಲ. ಈಗ ಮನೆಮನೆಯ ಟಿ.ವಿ.ಯಲ್ಲಿ, ಮಕ್ಕಳ ಕೈಯ ಮೊಬೈಲಿನಲ್ಲಿ ಇಂಥ ಚಿತ್ರಗಳು ಬೇಕಾದಷ್ಟು ಬರುತ್ತಿವೆ. ‘ಡಾರ್ಕ್ ಕಾಮಿಡಿ’ ಅಂತ ಅದಕ್ಕೊಂದು ಹೆಸರು. ಕನ್ನಡದಲ್ಲಿ ಕಪ್ಪು ಹಾಸ್ಯ ಎನ್ನುತ್ತಾರೆ. ಯಾವುದನ್ನು ಕಂಡು ಅಳಬೇಕೋ, ಹೆದರಬೇಕೋ ಅದನ್ನೇ ಮುಂದಿಟ್ಟು ನಗಿಸುವುದು ಇದರ ಕಸುಬು. ‘ಛೇ, ಇದೆಂಥ ಸಿನಿಮಾ!’ ಅಂತ ಟಿ.ವಿ. ಆರಿಸುವ ಅತ್ತೆಯಂದಿರೂ ಇದ್ದಾರೆ, ‘ಅಮ್ಮಾ, ನಿನಗೆ ಅರ್ಥವಾಗಲ್ಲ ಬಿಡು’ ಅನ್ನುವ ಮಕ್ಕಳೂ ಇದ್ದಾರೆ. ನಡುವೆ ಇರುವ ನಮ್ಮಂಥವರು ಯಾವುದನ್ನು ಒಳಗೆ ಬಿಡಬೇಕು, ಯಾವುದಕ್ಕೆ ಬಾಗಿಲು ಹಾಕಬೇಕು ಅಂತ ಯೋಚಿಸಲೇಬೇಕಲ್ಲ?

ಅದಕ್ಕೇ ಈ ಮಳೆಗಾಲದ ಒಂದು ಭಾನುವಾರ ನಮ್ಮ ಬೈಕಂಪಾಡಿಯ ಓಣಿಯ ಹೆಂಗಸರನ್ನೆಲ್ಲ ಮನೆಗೆ ಕರೆದು ‘ಪುಷ್ಪಕ ವಿಮಾನ’ ಚಿತ್ರ ಹಾಕಿದೆ. ಬಂದವರು ಒಂಬತ್ತು ಜನ. ಚಹಾ, ಗೋಳಿಬಜೆ ನನ್ನದು; ಅಭಿಪ್ರಾಯ ಅವರದು. ಅವರು ಹೇಳಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮಾತಿಲ್ಲದ ಚಿತ್ರ

ರಮೇಶ್ ಅರವಿಂದ್ ಅಭಿನಯದ, 2017ರಲ್ಲಿ ಬಂದ ಅದೇ ಹೆಸರಿನ ಚಿತ್ರ ಇದಲ್ಲ. ಇದು 1987ರದ್ದು. ನಿರ್ಮಾಪಕರು ನಮ್ಮ ಶೃಂಗಾರ್ ನಾಗರಾಜ್, ನಿರ್ದೇಶಕರು ಸಿಂಗೀತಂ ಶ್ರೀನಿವಾಸ ರಾವ್. ರಾಜ್‌ಕುಮಾರ್ ಅವರ ‘ಹಾಲು ಜೇನು’ ನೋಡಿ ಕಣ್ಣೊರೆಸಿಕೊಂಡಿದ್ದೀರಲ್ಲ, ಅದನ್ನು ಮಾಡಿದವರೂ ಇವರೇ. ಕಮಲ್ ಹಾಸನ್ ನಾಯಕ, ಅಮಲಾ ನಾಯಕಿ. ಚಿತ್ರೀಕರಣದ ಬಹುಭಾಗ ನಡೆದದ್ದು ಬೆಂಗಳೂರಿನಲ್ಲಿ. ಆ ಐಷಾರಾಮಿ ಹೋಟೆಲು ವಿಂಡ್ಸರ್ ಮ್ಯಾನರ್. ಎರಡು ಗಂಟೆಗೂ ಮೀರಿದ ಚಿತ್ರದಲ್ಲಿ ಸಂಭಾಷಣೆಯೇ ಇಲ್ಲ. ಎಲ್. ವೈದ್ಯನಾಥನ್ ಅವರ ಸಂಗೀತ ಮತ್ತು ಬೀದಿಯ ಸದ್ದು, ಅಷ್ಟೇ. ಒಳ್ಳೆಯ ಮನರಂಜನೆ ನೀಡುವ ಜನಪ್ರಿಯ ಚಿತ್ರ ಎಂದು ರಾಷ್ಟ್ರಪ್ರಶಸ್ತಿಯೂ ಬಂತು.

ಕಥೆ ಇಷ್ಟು. ಓದಿ ಕೆಲಸವಿಲ್ಲದ ಹುಡುಗನೊಬ್ಬ ಕುಡಿದು ಬೀದಿಯಲ್ಲಿ ಬಿದ್ದಿದ್ದ ಶ್ರೀಮಂತನನ್ನು ಕಾಣುತ್ತಾನೆ. ಆತನ ಬಳಿ ದೊಡ್ಡ ಹೋಟೆಲಿನ ಕೋಣೆಯ ಕೀಲಿಕೈ. ಹುಡುಗ ಅವನನ್ನು ತನ್ನ ಮುರುಕು ಕೋಣೆಯಲ್ಲಿ ಕಟ್ಟಿಹಾಕಿ, ತಾನು ಹೋಗಿ ಹೋಟೆಲಿನಲ್ಲಿ ದೊರೆಯ ಹಾಗೆ ಇರುತ್ತಾನೆ. ಅಲ್ಲಿ ಜಾದೂಗಾರನ ಮಗಳ ಮೇಲೆ ಪ್ರೀತಿ. ಆದರೆ ಅದೇ ಹೊತ್ತಿಗೆ ಆ ಶ್ರೀಮಂತನನ್ನು ಮುಗಿಸಲು ಒಬ್ಬ ಬಾಡಿಗೆ ಕೊಲೆಗಾರ ಬಂದಿದ್ದಾನೆ. ಕಳಿಸಿದವನು ಯಾರು? ಶ್ರೀಮಂತನ ಹೆಂಡತಿಯ ಪ್ರಿಯಕರ. ಕೋಣೆಯಲ್ಲಿ ಇರುವವನೇ ಶ್ರೀಮಂತ ಅಂತ ತಿಳಿದ ಕೊಲೆಗಾರ ಪಾಪದ ಹುಡುಗನ ಬೆನ್ನು ಬೀಳುತ್ತಾನೆ.

ಈ ಕೊಲೆಗಾರನಾಗಿ ನಟಿಸಿದ್ದು ಟೀನು ಆನಂದ್. ಅಮಿತಾಭ್ ಅವರ ‘ಕಾಲಿಯಾ’, ‘ಶಹೆನ್‌ಶಾ’ ನಿರ್ದೇಶಿಸಿದವರೂ ಅವರೇ. ಕೈಯಲ್ಲಿ ಪಿಸ್ತೂಲಿಲ್ಲ, ತಲವಾರಿಲ್ಲ. ಆತನ ಆಯುಧ ಮಂಜುಗಡ್ಡೆಯ ಚೂರಿ! ಚುಚ್ಚಿದರೆ ಆಳು ಸಾಯಬೇಕು, ಚೂರಿ ಕರಗಿ ನೀರಾಗಬೇಕು, ಪೊಲೀಸರಿಗೆ ಸಾಕ್ಷಿ ಸಿಗಬಾರದು. ಎಂಥ ತಲೆ ನೋಡಿ! ಆದರೆ ಗುರಿ ಮಾತ್ರ ಒಂದು ಸಲವೂ ಕೂಡಿ ಬರುವುದಿಲ್ಲ.

ಯಾರು ಏನು ಅಂದರು?

ಮೊದಲ ದೂರು ಪಕ್ಕದ ಮನೆಯ ಅಕ್ಕನದು. ಅವರು ಬೀಡಿ ಕಟ್ಟುವವರು. ಸಂಜೆ ಧಾರಾವಾಹಿ ಹಾಕಿಕೊಂಡು, ಮಡಿಲಲ್ಲಿ ತಡ್ಪೆ ಇಟ್ಟುಕೊಂಡು, ತಲೆ ಎತ್ತದೆ ಬೀಡಿ ಸುತ್ತುತ್ತಾ ಪೂರ್ತಿ ಕಥೆ ‘ಕೇಳುತ್ತಾರೆ’. ನಾವೂ ಹಾಗೇ ಅಲ್ಲವೇ? ತರಕಾರಿ ಹೆಚ್ಚುತ್ತಾ, ಅಕ್ಕಿ ಆರಿಸುತ್ತಾ ಕಿವಿಯಿಂದಲೇ ಸಿನಿಮಾ ನೋಡುವವರು. “ಇದನ್ನು ಕೇಳ್ಲಿಕ್ಕೆ ಆಗುದಿಲ್ಲ ಮಾರಾಯ್ತಿ, ನೋಡ್ಲೇಬೇಕು. ಹತ್ತು ಬೀಡಿ ಕಟ್ಟಿಯೂ ಆಗ್ಲಿಲ್ಲ” ಅಂತ ಗೊಣಗಿದರು. ಆದರೆ ತಡ್ಪೆ ಬದಿಗಿಟ್ಟು, ಕೊನೆಯವರೆಗೂ ಕದಲದೆ ಕೂತವರೂ ಅವರೇ.

ನಮಗೆ ಮೀನು ತಂದುಕೊಡುವ ಅಮ್ಮನಿಗೆ ಕೊಲೆಗಾರನ ಮೇಲೆ ಸಿಟ್ಟೇ ಬರಲಿಲ್ಲ, ಕನಿಕರ ಬಂತು. “ಐಸು ಎಷ್ಟು ಹೊತ್ತು ನಿಲ್ತದೆ ಅಂತ ನನ್ನನ್ನು ಕೇಳಿದ್ರೆ ಹೇಳ್ತಿದ್ದೆ. ಬೊಂಡಾಸು, ಬಂಗುಡೆ ಇಟ್ಟ ಪೆಟ್ಟಿಗೆಯಲ್ಲೇ ಮಧ್ಯಾಹ್ನಕ್ಕೆ ನೀರಾಗ್ತದೆ. ಇವ ಅದನ್ನು ಹಿಡ್ಕೊಂಡು ಹೋಟೆಲಿಡೀ ತಿರುಗ್ತಾನೆ!” ಅಂದಾಗ ಇಡೀ ಮನೆ ನಕ್ಕಿತು.

ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ದುಡಿಯುವ ಬಿಹಾರದ ಹುಡುಗನ ಹೆಂಡತಿ ನಮ್ಮ ಓಣಿಯ ಕೊನೆಯಲ್ಲಿದ್ದಾಳೆ. ಅವಳಿಗೆ ಕನ್ನಡವೂ ಬಾರದು, ತುಳುವೂ ಬಾರದು. ನಾವು ಯಾವ ಚಿತ್ರ ನೋಡಿದರೂ ನಗುವ ಜಾಗದಲ್ಲಿ ನಮ್ಮ ಮುಖ ನೋಡಿ ನಗುತ್ತಿದ್ದಳು. ಈ ಸಲ ನಮಗಿಂತ ಮೊದಲೇ ನಕ್ಕಳು. ತುಳುವಿನ ಅಜ್ಜಿ, ಕೊಂಕಣಿ ಬಾಯಮ್ಮ, ಬ್ಯಾರಿ ಮನೆಯ ತಂಗಿ, ಬಿಹಾರದ ಈ ಹುಡುಗಿ, ಎಲ್ಲರಿಗೂ ಒಂದೇ ಸಲಕ್ಕೆ ಅರ್ಥವಾಗುವ ಚಿತ್ರ ನಮ್ಮ ಊರಲ್ಲಿ ಎಷ್ಟು ಸಿಗುತ್ತದೆ ಹೇಳಿ? ಅವಳಿಗೆ ಹಿಡಿಸಿದ್ದು ಕೊಲೆಗಾರನಲ್ಲ, ಕೆಲಸಕ್ಕಾಗಿ ನಿಂತ ಸಾಲು. “ನಮ್ಮವರೂ ಹೀಗೇ ನಿಂತಿದ್ದರು” ಅಂತ ಹಿಂದಿಯಲ್ಲಿ ಮೆಲ್ಲಗೆ ಹೇಳಿದಳು.

ಕಾಲೇಜು ಮುಗಿಸಿ ಹೋದ ವರ್ಷ ಮದುವೆಯಾಗಿ ಬಂದ ಸೊಸೆಯೊಬ್ಬಳದು ಬೇರೆಯೇ ತಕರಾರು. “ಆಂಟಿ, ನಾವೆಲ್ಲ ಕೊಲೆಗಾರನನ್ನು ಬೈತಾ ಇದ್ದೇವೆ. ಆದರೆ ಹೀರೋ ಮಾಡಿದ್ದು ಏನು? ಒಬ್ಬ ಮನುಷ್ಯನನ್ನು ಕಟ್ಟಿ ಹಾಕಿ ಅವನ ಹಣದಲ್ಲಿ ಮಜಾ ಮಾಡಿದ. ಬಡವ, ನೋಡಲು ಚಂದ ಅಂತ ಕ್ಷಮಿಸಬೇಕಾ?” ಮಾತು ಸುಳ್ಳಲ್ಲ. ಕಟ್ಟಿಹಾಕಿದವನ ಹೊಲಸನ್ನು ಹುಡುಗ ಉಡುಗೊರೆಯ ಹಾಗೆ ಪೊಟ್ಟಣ ಕಟ್ಟಿ ಸಾಗಹಾಕುವ ದೃಶ್ಯಕ್ಕೆ ನಾವು ಬಿದ್ದು ಬಿದ್ದು ನಕ್ಕಿದ್ದೆವು. ಆ ಹೊತ್ತಿಗೆ ಒಳಗೆ ಬಾಯಿ ಕಟ್ಟಿಸಿಕೊಂಡು ಕೂತವನ ನೆನಪು ಯಾರಿಗಿತ್ತು?

ನಿವೃತ್ತ ಟೀಚರಮ್ಮ ಮಾತ್ರ ಚಿತ್ರವನ್ನು ಒಪ್ಪಲಿಲ್ಲ. “ಒಂದು ಸಲ ಸಾವಿಗೆ ನಗುವುದು ಅಭ್ಯಾಸವಾದರೆ ಮತ್ತೆ ಪೇಪರಿನಲ್ಲಿ ಕೊಲೆಯ ಸುದ್ದಿ ಓದಿದರೂ ಮನಸ್ಸಿಗೆ ತಾಗುವುದಿಲ್ಲ” ಅಂದರು. ಬಾಯಮ್ಮ ಅದಕ್ಕೆ, “ಟೀಚರೇ, ಯಕ್ಷಗಾನದಲ್ಲಿ ರಾಕ್ಷಸ ಬೊಬ್ಬೆ ಹಾಕಿ ಬಂದು ನಿಂತರೂ ಹಾಸ್ಯಗಾರ ಪಕ್ಕದಲ್ಲಿ ಇರುದಿಲ್ವಾ? ಅವನಿಲ್ಲದಿದ್ರೆ ಮಕ್ಕಳು ಹೆದರಿ ಅಳ್ತಾರೆ” ಅಂದರು. ಇಬ್ಬರ ಮಾತಿನಲ್ಲೂ ಹುರುಳಿದೆ, ಅಲ್ಲವೇ?

ನಗದೇ ಕೂತ ಒಬ್ಬರು

ಒಂಬತ್ತು ಜನರಲ್ಲಿ ಒಬ್ಬರು ನಗಲಿಲ್ಲ. ಓಣಿಯವರೆಲ್ಲ ದೊಡ್ಡಮ್ಮ ಎಂದು ಕರೆಯುವ ಹಿರಿಯರು. ಕೊಲೆಗಾರ ತಪ್ಪು ಮನುಷ್ಯನ ಹಿಂದೆ ಬಿದ್ದದ್ದು ಗೊತ್ತಾದ ಮೇಲೆ ಅವರ ಮುಖವೇ ಬೇರೆಯಾಯಿತು. ಎಲ್ಲರೂ ಹೋದ ಮೇಲೆ ಲೋಟ ತೊಳೆಯಲು ನನ್ನ ಜೊತೆ ನಿಂತು ಹೇಳಿದರು. ಅವರ ತವರಿನ ಕಡೆಯ ಹುಡುಗನೊಬ್ಬ, ನಮ್ಮ ಕಡೆಯ ಎಷ್ಟೋ ಹುಡುಗರ ಹಾಗೆ ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ಗಲ್ಲೆಯಲ್ಲಿ ಕೂರುತ್ತಿದ್ದ. ಒಂದು ರಾತ್ರಿ ಯಾರನ್ನೋ ಹುಡುಕಿ ಬಂದವರು ಗುರುತು ತಪ್ಪಿ ಇವನನ್ನು ಮುಗಿಸಿಹೋದರು.

“ಸಿನಿಮಾದವ ತಪ್ಪಿಸಿಕೊಂಡ. ನಮ್ಮವ ತಪ್ಪಿಸಿಕೊಳ್ಳಲಿಲ್ಲ” ಅಂದರು ದೊಡ್ಡಮ್ಮ. ನನಗೆ ಗಂಟಲು ಕಟ್ಟಿತು. ಇನ್ನು ಇಂಥ ಚಿತ್ರ ಹಾಕಬೇಡ ಅನ್ನುತ್ತಾರೆ ಅಂದುಕೊಂಡೆ. ಅವರು ಹೇಳಿದ್ದೇ ಬೇರೆ. “ಒಂದು ಒಳ್ಳೆದು ಮಾಡಿದ್ದಾರೆ ಮಗಾ. ಕಾಸು ಕೊಟ್ಟು ಕಳಿಸಿದವನನ್ನೂ ತೋರಿಸಿದ್ದಾರೆ. ನಮ್ಮವನ ವಿಷಯದಲ್ಲಿ ಕೈ ಮಾಡಿದವ ಸಿಕ್ಕಿಬಿದ್ದ. ಕಾಸು ಕೊಟ್ಟವನ ಮುಖ ಇವತ್ತಿಗೂ ಯಾರೂ ನೋಡ್ಲಿಲ್ಲ.”

ಸೋದರಿಯರೇ, ಈ ಮಾತು ಕೇಳಿದ ಮೇಲೆ ನಾನು ಇಡೀ ಚಿತ್ರವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ನೋಡಿದೆ. ಬಾಡಿಗೆ ಕೊಲೆಯಲ್ಲಿ ಇಬ್ಬರಿರುತ್ತಾರೆ, ಚೂರಿ ಹಿಡಿದವನೊಬ್ಬ, ಚೀಟಿ ಹಿಡಿದವನೊಬ್ಬ. ಚೂರಿ ಹಿಡಿದವನು ಬೆವರುತ್ತಾನೆ, ಮುಗ್ಗರಿಸುತ್ತಾನೆ, ನಗೆಪಾಟಲಾಗುತ್ತಾನೆ. ಚೀಟಿ ಹಿಡಿದವನು ಮಡಿಕೆ ಮುರಿಯದ ಅಂಗಿ ತೊಟ್ಟು ತಣ್ಣಗಿರುತ್ತಾನೆ. ನಮ್ಮ ನಗು ಚೂರಿಯವನ ಹತ್ತಿರವೇ ನಿಂತುಬಿಟ್ಟರೆ ಅದು ಅರ್ಧ ನಗು. ಚೀಟಿಯವನವರೆಗೂ ಹೋಗಿ ಮುಟ್ಟಿದರೆ ಆಗ ಪೂರ್ತಿ.

ಅಡಿಕೆಗೆ ಬಂದ ಕೆಟ್ಟ ಹೆಸರು

‘ಸುಪಾರಿ’ ಅನ್ನುವ ಮಾತನ್ನೇ ತೆಗೆದುಕೊಳ್ಳಿ. ಹಿಂದಿ, ಮರಾಠಿಯಲ್ಲಿ ಅದರ ಅರ್ಥ ಅಡಿಕೆ, ಅಷ್ಟೇ. ನಮ್ಮ ಜಿಲ್ಲೆ ಬದುಕುವುದೇ ಅಡಿಕೆಯಿಂದ. ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1973ರಲ್ಲಿ ಹುಟ್ಟಿದ್ದು ನಮ್ಮ ಮಂಗಳೂರಿನಲ್ಲೇ. ವೀಳ್ಯದೆಲೆ, ಅಡಿಕೆ ಕೊಟ್ಟು ತೆಗೆದುಕೊಂಡರೆ ಮಾತು ಪಕ್ಕಾ ಆಯಿತು ಅಂತ ಲೆಕ್ಕ. ಮದುವೆಯ ನಿಶ್ಚಯಕ್ಕೂ ಅದೇ ತಾಂಬೂಲ. ಪ್ರಸಂಗಗಳಲ್ಲಿ ಯುದ್ಧಕ್ಕೆ ಹೋಗುವ ವೀರ ತುಂಬಿದ ಸಭೆಯಲ್ಲಿ ಎದ್ದು ರಣವೀಳ್ಯ ತೆಗೆದುಕೊಳ್ಳುತ್ತಾನೆ. ಅದೇ ಪದ್ಧತಿಯ ಮಾತು ಮುಂಬಯಿಯ ಪಾತಕಿಗಳ ಬಾಯಿಗೆ ಬಿದ್ದು ‘ಸುಪಾರಿ ಕೊಡುವುದು’ ಎಂದರೆ ಕೊಲೆಯ ಗುತ್ತಿಗೆ ಎಂದಾಯಿತು.

ವ್ಯತ್ಯಾಸ ನೋಡಿ. ರಣವೀಳ್ಯವನ್ನು ನಾಲ್ಕು ಜನರ ಎದುರು ತೆಗೆದುಕೊಳ್ಳುತ್ತಿದ್ದರು. ಕೊಟ್ಟವನು ಯಾರು, ತೆಗೆದುಕೊಂಡವನು ಯಾರು ಅಂತ ಊರಿಗೇ ಗೊತ್ತಿರುತ್ತಿತ್ತು. ಈಗಿನ ಸುಪಾರಿಯಲ್ಲಿ ಕೊಟ್ಟವನು ಕತ್ತಲಲ್ಲಿ.

ಕಾನೂನು ಮಾತ್ರ ಅವನನ್ನು ಮರೆತಿಲ್ಲ. ಕೊಲೆ ಮಾಡಿಸಿದವನಿಗೂ ಮಾಡಿದವನಿಗೆ ಹೇಳಿದ ಶಿಕ್ಷೆಯೇ ಅನ್ನುವುದು ಹಳೆಯ ದಂಡಸಂಹಿತೆಯಲ್ಲೂ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಮು ಸಂಘಟಿತ ಅಪರಾಧಗಳಲ್ಲಿ ಸುಪಾರಿ ಕೊಲೆಯನ್ನು ಹೆಸರು ಹಿಡಿದೇ ಸೇರಿಸಿದೆ. ಅಂಥ ಅಪರಾಧದಲ್ಲಿ ಜೀವ ಹೋದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ, ಜೊತೆಗೆ 10 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ.

ಯಾವ ಕೊಲೆಗಾರ ಹೆಚ್ಚು ಅಪಾಯ?

ಇನ್ನು ಮಕ್ಕಳ ವಿಷಯ. ಎರಡು ಚಿತ್ರ ಪಕ್ಕಪಕ್ಕ ಇಟ್ಟು ನೋಡೋಣ. 2021ರಲ್ಲಿ ಬಂದ ‘ಗರುಡ ಗಮನ ವೃಷಭ ವಾಹನ’ ನಮ್ಮ ಮಂಗಳಾದೇವಿಯ ಸುತ್ತಮುತ್ತಲಿನದೇ ಕಥೆ. ರಾಜ್ ಬಿ. ಶೆಟ್ಟಿ ನಿರ್ದೇಶಿಸಿ ನಟಿಸಿದ್ದು, ರಿಷಬ್ ಶೆಟ್ಟಿಯೂ ಇದ್ದಾರೆ. ಚಿತ್ರ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಹೊಡೆದಾಟದ ದಾರಿ ಹಿಡಿದವರಿಗೆ ಕೊನೆಗೆ ಏನಾಗುತ್ತದೆ ಅಂತಲೂ ತೋರಿಸುತ್ತದೆ. ಆದರೆ ನಮ್ಮ ಓಣಿಯ ಹುಡುಗರು ಅದರಿಂದ ಎತ್ತಿಕೊಂಡದ್ದು ಆ ಕೊನೆಯನ್ನಲ್ಲ. ಕೊಲೆ ಮಾಡಿ ಬಂದವನು ಹುಲಿವೇಷದ ಹೆಜ್ಜೆ ಹಾಕುವುದನ್ನು. ಲುಂಗಿ ಎತ್ತಿ ಕಟ್ಟಿ ಅದೇ ಹೆಜ್ಜೆ, ಅದೇ ದೃಷ್ಟಿ!

‘ಪುಷ್ಪಕ ವಿಮಾನ’ದ ಕೊಲೆಗಾರನನ್ನು ಯಾವ ಹುಡುಗನಾದರೂ ಅನುಕರಿಸಿದ್ದುಂಟೇ? ಇಲ್ಲ. ನಗೆಪಾಟಲಾದವನ ಹಾಗೆ ಆಗಬೇಕು ಅಂತ ಯಾರಿಗೂ ಆಸೆ ಹುಟ್ಟುವುದಿಲ್ಲ. ಕೊಲೆಗಾರನನ್ನು ಗಂಭೀರವಾಗಿ, ಚಂದವಾಗಿ, ಹಿಂದೆ ಜೋರು ಸಂಗೀತ ಹಾಕಿ ತೋರಿಸಿದಾಗಲೇ ಅಪಾಯ ಹೆಚ್ಚು ಅನ್ನುವುದು ನನ್ನ ಅಭಿಪ್ರಾಯ. ಟೀಚರಮ್ಮ ಇದಕ್ಕೂ ಒಪ್ಪಲಿಕ್ಕಿಲ್ಲ, ಇರಲಿ.

ಇಂಗ್ಲಿಷಿನಲ್ಲಿ 1955ರಲ್ಲಿ ‘ದಿ ಲೇಡಿಕಿಲ್ಲರ್ಸ್’ ಅಂತ ಒಂದು ಚಿತ್ರ ಬಂದಿತ್ತು. ಲಂಡನ್ನಿನ ಒಬ್ಬ ವಿಧವೆ ಅಜ್ಜಿಯ ಮನೆಯಲ್ಲಿ ಐದು ಜನ ದರೋಡೆಕೋರರು ಸಂಗೀತಗಾರರ ವೇಷದಲ್ಲಿ ಸೇರಿಕೊಳ್ಳುತ್ತಾರೆ. ಅಜ್ಜಿ ಅವರಿಗೆ ಚಹಾ ಮಾಡಿಕೊಟ್ಟು ಉಪಚರಿಸುತ್ತಾಳೆ. ಗುಟ್ಟು ಅಜ್ಜಿಗೆ ತಿಳಿದಾಗ ಅವಳನ್ನು ಮುಗಿಸಬೇಕು ಅಂತ ತೀರ್ಮಾನ. ಯಾರು ಮುಗಿಸುವುದು? ಒಬ್ಬರಿಗೂ ಕೈ ಬರುವುದಿಲ್ಲ. ಕೊನೆಗೆ ತಮ್ಮತಮ್ಮಲ್ಲೇ ಹೊಡೆದಾಡಿ ಒಬ್ಬೊಬ್ಬರಾಗಿ ಮುಗಿಯುತ್ತಾರೆ, ಅಜ್ಜಿ ಹಾಯಾಗಿ ನಡೆದುಹೋಗುತ್ತಾಳೆ! ಸಜ್ಜನರನ್ನು ಬಿಟ್ಟು ದುರಾಸೆಯನ್ನು ನಗೆಗೀಡು ಮಾಡುವ ಕಪ್ಪು ಹಾಸ್ಯ ಮನೆಮಂದಿಗೆ ಕೆಡುಕು ಮಾಡುವುದಿಲ್ಲ.

‘ಪುಷ್ಪಕ ವಿಮಾನ’ದಲ್ಲಿ ನಗು ನಿಲ್ಲುವ ಜಾಗಗಳೂ ಇವೆ. ಮೊದಲೆಲ್ಲ ನೋಟು ತೋರಿಸಿ ಹುಡುಗನನ್ನು ಅಣಕಿಸುತ್ತಿದ್ದ ಭಿಕ್ಷುಕ ಒಂದು ದಿನ ಬೀದಿಯಲ್ಲಿ ಸತ್ತುಬಿದ್ದಿರುತ್ತಾನೆ. ಹೆಣವನ್ನು ನೋಡುವವರಿಲ್ಲ, ಜನರೆಲ್ಲ ಅವನ ನೋಟುಗಳಿಗೆ ಮುಗಿಬೀಳುತ್ತಾರೆ. ಆಗ ನಮ್ಮ ಕೋಣೆಯಲ್ಲಿ ಉಸಿರಿನ ಸದ್ದೂ ಇರಲಿಲ್ಲ. ಹೋಟೆಲಿನ ಮುದಿ ಯಜಮಾನ ಸತ್ತಾಗ, ಆತ ಸಣ್ಣ ಚಹಾದಂಗಡಿಯಿಂದ ಮೇಲೆ ಬಂದವನು ಅಂತ ಹುಡುಗನಿಗೆ ತಿಳಿಯುತ್ತದೆ. ಬೆವರು ಹರಿಸದೆ ಬಂದ ಸುಖ ತನ್ನದಲ್ಲ ಅಂತ ಮನಸ್ಸಿಗೆ ನಾಟುವುದು ಅಲ್ಲೇ. ಕಟ್ಟಿಹಾಕಿದವನನ್ನು ಬಿಟ್ಟುಬಿಡುತ್ತಾನೆ, ಪ್ರೀತಿಸಿದವಳಿಗೆ ನಿಜ ಹೇಳುತ್ತಾನೆ. ಅವಳು ಗುಲಾಬಿಯ ಜೊತೆ ಕೊಟ್ಟ ಚೀಟಿ ಗಾಳಿಗೆ ಹಾರಿ ಚರಂಡಿಗೆ ಬೀಳುತ್ತದೆ. ಮತ್ತೆ ಅದೇ ಕೆಲಸದ ಸಾಲು. ಕದ್ದ ಸುಖ ಕೈಯಲ್ಲಿ ನಿಲ್ಲಲಿಲ್ಲ, ಮಂಜುಗಡ್ಡೆಯ ಚೂರಿಯೂ ನಿಲ್ಲಲಿಲ್ಲ. ಆ ಸೊಸೆ ಕೇಳಿದ ಪ್ರಶ್ನೆಗೆ ಚಿತ್ರವೇ ಕೊಟ್ಟ ಉತ್ತರ ಇದು.

ಮನೆಯಲ್ಲಿ ಇಂಥ ಚಿತ್ರ ಹಾಕುವಾಗ

ಒಂದೆರಡು ಮಾತು ಹೇಳಿ ಮುಗಿಸುತ್ತೇನೆ.

ಚಿತ್ರ ಹಾಕುವ ಮೊದಲು ಪ್ರಮಾಣಪತ್ರ ನೋಡಿ. 2024ರಿಂದ ಸೆನ್ಸಾರ್ ಮಂಡಳಿ ಯು/ಎ ವರ್ಗವನ್ನು 7, 13, 16 ವರ್ಷ ಅಂತ ಮೂರು ಮಾಡಿದೆ. ಹೆತ್ತವರು ತಿಳಿದು ತೋರಿಸಲಿ ಎಂದೇ ಈ ಗುರುತು. ಮೊಬೈಲು, ಟಿ.ವಿ.ಯಲ್ಲಿ ಹಣ ಕಟ್ಟಿ ನೋಡುವ ಓಟಿಟಿ ಸಂಸ್ಥೆಗಳೂ 2021ರ ನಿಯಮದಂತೆ ಇಂಥ ವಯಸ್ಸಿನ ಗುರುತು ಹಾಕಬೇಕು. 13 ಮತ್ತು ಅದಕ್ಕೂ ಮೇಲಿನ ವರ್ಗದ ಚಿತ್ರಗಳಿಗೆ ಹೆತ್ತವರು ಬೀಗ ಹಾಕುವ ಅನುಕೂಲವನ್ನೂ ಕೊಡಬೇಕು. ಆ ಬೀಗ ಹಾಕುವುದನ್ನು ಮಕ್ಕಳಿಂದ ಕಲಿಯಬೇಡಿ, ಯಜಮಾನರಿಂದಲೋ ನೆರೆಯವರಿಂದಲೋ ಕಲಿಯಿರಿ!

ಮಕ್ಕಳನ್ನು ಒಂಟಿಯಾಗಿ ಬಿಟ್ಟು ನೀವು ಅಡುಗೆಮನೆ ಸೇರಬೇಡಿ. ಅನ್ನಕ್ಕೆ ನೀರಿಟ್ಟು ಬಂದು ಪಕ್ಕದಲ್ಲಿ ಕೂತುಕೊಳ್ಳಿ. ಮಗ ನಕ್ಕರೆ ಗದರಬೇಡಿ. ಚಿತ್ರ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿ: ‘ಅವನನ್ನು ಕಳಿಸಿದವರು ಯಾರು ಮಗಾ? ಯಾಕೆ ಕಳಿಸಿದರು?’ ಎಂಟು ವರ್ಷದ ನೆರೆಮನೆಯ ಪುಟ್ಟನಿಗೆ ನಾನು ಹೀಗೆ ಕೇಳಿದಾಗ ಅವನು ಅಂದದ್ದು, “ಅವನಿಗೆ ಬೇರೆಯವರದ್ದು ಬೇಕಿತ್ತು”. ಇದಕ್ಕಿಂತ ಚೆನ್ನಾಗಿ ಯಾವ ವಿಮರ್ಶಕರು ಹೇಳಿಯಾರು?

ಹತ್ತಿರದಲ್ಲಿ ದೊಡ್ಡಮ್ಮನಂಥವರು ಯಾರಾದರೂ ಕೂತಿದ್ದಾರೆಯೇ ಅಂತಲೂ ನೋಡಿಕೊಳ್ಳಿ. ಎಲ್ಲರೂ ನಗುವಾಗ ಒಬ್ಬರು ಸುಮ್ಮನಿದ್ದರೆ ‘ನಿಮಗೆ ಅರ್ಥವಾಗಲಿಲ್ಲವೇ?’ ಅಂತ ಕೇಳಬೇಡಿ. ಅವರಿಗೆ ನಮಗಿಂತ ಹೆಚ್ಚು ಅರ್ಥವಾಗಿರಬಹುದು. ಒಂದು ಲೋಟ ಚಹಾ ಕೊಟ್ಟು ಪಕ್ಕದಲ್ಲಿ ಕೂತರೆ ಸಾಕು, ಮಾತು ತಾನಾಗಿ ಬರುತ್ತದೆ.

ಸಾವಿನ ಮನೆಯಲ್ಲಿ ನಗಬಾರದು, ನಿಜ. ಆದರೆ ಸಾವನ್ನು ಮಾರುವ ಅಂಗಡಿಯ ಮುಂದೆ ನಿಂತು ನಗಬಾರದು ಅಂತ ಯಾವ ಹಿರಿಯರೂ ಹೇಳಿಲ್ಲ. ಅಲ್ಲಿ ನಗಬೇಕು, ಗಟ್ಟಿಯಾಗಿಯೇ ನಗಬೇಕು, ಒಳಗೆ ಗಲ್ಲೆಯ ಹಿಂದೆ ಅಡಗಿ ಕೂತವನಿಗೂ ಕೇಳಿಸುವ ಹಾಗೆ.